ಟುಂಯ್ ಟುಂಯ್ ಡಬ್ಬಿ

ಬೀದರದ ಮೈಲೂರಿನ ಮನೆಯಲ್ಲಿ ಸರಿತಾ ಟೀಚರ್ ಚುರುಮುರಿ ಸುಸಲಾಕ್ಕೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಭಾಲ್ಕಿಯಿಂದ ಅವ್ವ ಭಾಗೀರಥಿಬಾಯಿಯ ಫೋನು ಬಂತು.

"ಸರು, ದೀಪಾವಳಿ ಬಂತಲ್ಲ, ಅಟ್ಟ ಸ್ವಚ್ಛ ಮಾಡ್ಲತ್ತೀನಿ. ನಿಂದು ಆ ಟುಂಯ್ ಟುಂಯ್ ಆಟದ ಡಬ್ಬಿ ಸಿಕ್ಕದ ನೋಡು. ಹಳೀ ಸಾಮಾನು ಕೊಳ್ಳೋ ಭಂಗಾರದವ ಓಣ್ಯಾಗ ಬಂದಾನ, ಕೊಟ್ಟಬಿಡ್ತೀನಿ."

ಸರಿತಾಳ ಎದೆಯೊಳಗೆ ಸಾಸಿವೆ ಸಿಡಿಯಿತು. ಬಾಣಲೆಯಲ್ಲಿ ಸಿಡಿದದ್ದು ಬೇರೆ.

"ಅವ್ವಾ! ಡಬ್ಬಿ ಕೊಡಬ್ಯಾಡ! ಡಬ್ಬಿ ಕೊಟ್ಟಿ ಅಂದ್ರ ನಾ ಜಲ್ಮದಾಗ ಭಾಲ್ಕಿಗಿ ಕಾಲಿಡಲ್ಲ. ಈಗ ಹೊಂಟೆ ನಾ. ಡಬ್ಬಿ ತೆಗದಿಡು!"

"ಡಬ್ಬಿ ಏನ? ಆತು, ಡಬ್ಬಿ ಇಡ್ತೀನಿ ತಗೊ. ಅದಕ್ಯಾಕ ಇಷ್ಟು ಒದರ್ತಿ?" ಎಂದು ಅವ್ವ ಫೋನಿಟ್ಟಳು.

ಒಗ್ಗರಣೆ ಕರಿಕಾದ ವಾಸನೆಗೆ ಗಂಡ ಓಂಪ್ರಕಾಶ ಪೇಪರು ಬಿಟ್ಟು ಅಡುಗೆಮನೆಗೆ ಬಂದ. "ಏನಾತು? ಇವತ್ತು ಔರಾದದಾಗ ನಿನ್ನ ಭಾಷಣ ಅದಲ್ಲ?"

"ಭಾಷಣ ಮಧ್ಯಾಹ್ನಕ್ಕ ಅದ ರಿ. ಭಾಲ್ಕಿಗಿ ಹೋಗಿ, ಅಲ್ಲಿಂದ ಹಂಗೇ ಔರಾದಕ್ಕ ಹೋಗ್ತೇನಿ. ಅವ್ವಗ ಯಾಕೋ ಆರಾಮಿಲ್ಲಂತ."

"ಔರಾದಕ್ಕ ಭಾಲ್ಕಿ ಮ್ಯಾಲಿಂದ ಹೋಗೋದಂದ್ರ ತಲಿ ಸುತ್ತಿ ಮೂಗ ಹಿಡದಂಗ ಆತು," ಎಂದು ಓಂಪ್ರಕಾಶ ಕರಿಕಾದ ಸುಸಲಾ ತಟ್ಟೆಗೆ ಹಾಕಿಕೊಂಡ. ಸುಳ್ಳು ಹೇಳುವಾಗ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಆದರೆ ಹಸಿವೆಯೂ ಆಗಿತ್ತು.

ಭಾಷಣದ ವಿಷಯ ‘ಮಕ್ಕಳ ಕೈಯಿಂದ ಆಟ ಬಿಡಿಸೋಣ’. ಆ ಮಾತು ಆಡಲು ಜಿಲ್ಲೆಯಲ್ಲಿ ಸರಿತಾ ಟೀಚರನ್ನು ಬಿಟ್ಟರೆ ಇಲ್ಲ ಎಂದು ಹೆಸರಾಗಿತ್ತು. ಮೊಬೈಲಿನಲ್ಲಿ ಆಟ ಆಡುವ ಹುಡುಗ ಮೂರು ಓಣಿಯ ಆಚೆ ಇದ್ದರೂ ಅವಳಿಗೆ ವಾಸನೆ ಹತ್ತುತ್ತಿತ್ತು. ಪಾಲಕರ ಸಭೆಯಲ್ಲಿ ತಾಯಂದಿರನ್ನು ನಿಲ್ಲಿಸಿ ಬೈಯುತ್ತಿದ್ದಳು. ಪಕ್ಕದ ಮನೆಯ ಕೌಸಲ್ಯಾಬಾಯಿಯನ್ನಂತೂ, ಮೊಮ್ಮಗ ಸ್ವಪ್ನಿಲನ ಕೈಗೆ ಫೋನು ಕೊಟ್ಟರೆಂಬ ಒಂದೇ ತಪ್ಪಿಗೆ, ಹಬ್ಬದ ದಿನ ಆರತಿ ತಟ್ಟೆ ಕೈಯಲ್ಲಿರುವಾಗಲೇ ತರಾಟೆಗೆ ತೆಗೆದುಕೊಂಡಿದ್ದಳು.

ಅಂಥವಳಿಗೆ ಮನಸ್ಸಿನ ಮೂಲೆಯಲ್ಲಿ ಒಂದು ಹುಣ್ಣಿತ್ತು. ಅವಳು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಹೈದರಾಬಾದಿನಿಂದ ಟಿವಿಗೆ ಹಚ್ಚಿ ಆಡುವ ಆಟದ ಸಾಮಾನು ತಂದಿದ್ದ. ಹಳದಿ ಬಣ್ಣದ ಕ್ಯಾಸೆಟ್, ಎರಡು ರಿಮೋಟು, ಬಾತುಕೋಳಿ ಹೊಡೆಯಲು ಒಂದು ಪ್ಲಾಸ್ಟಿಕ್ ಪಿಸ್ತೂಲು. ಕ್ಯಾಸೆಟ್ ಹತ್ತದಿದ್ದರೆ ಬಾಯಿಂದ ಊದಿ, ಅಂಗಿಯ ತುದಿಯಿಂದ ಒರೆಸಿ, ‘ಜೈ ಖಂಡೋಬಾ’ ಎಂದು ತುರುಕಬೇಕು. ಆಗ ಟುಂಯ್ ಎಂದು ಸದ್ದು ಬಂತೋ, ಇಡೀ ಓಣಿಯ ಹುಡುಗರು ಚಪ್ಪಲಿ ಬಿಟ್ಟು ಪಡಸಾಲೆಯಲ್ಲಿ ಹಾಜರು. ಟ್ಯಾಂಕಿನ ಆಟದಲ್ಲಿ ಸರಿತಾಳನ್ನು ಸೋಲಿಸಿದ ಗಂಡು ಭಾಲ್ಕಿಯಲ್ಲಿರಲಿಲ್ಲ. ಅಣ್ಣ ರವಿಕಿರಣ ಸೋತು ಸೋತು ಕಡೆಗೆ ಕಬಡ್ಡಿಗೆ ಹೋದ. ಒಂದು ದಿನ ಅವಳು ಕಟ್ಟಕಡೆಯ ಕೋಟೆಯ ಬಾಗಿಲಿಗೆ ಬಂದಳು. ಇನ್ನೊಂದೇ ಗುಂಡು. ಅಷ್ಟರಲ್ಲಿ ಅಪ್ಪ ಬಂದು, "ಬಾತಮಿ ಟೈಮ್ ಆತು," ಎಂದು ಗುಂಡಿ ಒತ್ತಿದ. ಕೋಟೆಯ ಜಾಗದಲ್ಲಿ ಸುದ್ದಿ ಓದುವ ಹೆಣ್ಣುಮಗಳು ಕಾಣಿಸಿಕೊಂಡು ನಮಸ್ಕಾರ ಎಂದಳು. ಮರುವಾರ ಪರೀಕ್ಷೆ, ಆಮೇಲೆ ಕಾಲೇಜು, ಮದುವೆ, ನೌಕರಿ. ಆ ಕೋಟೆ ಹಾಗೇ ಉಳಿಯಿತು.

ಇತ್ತೀಚೆಗೆ ಅದು ಕನಸಿನಲ್ಲಿ ಬರತೊಡಗಿತ್ತು. ಉತ್ತರಪತ್ರಿಕೆ ತಿದ್ದುವಾಗ ಎಡ ಹೆಬ್ಬೆರಳು ತಾನಾಗಿ ಆಕಡೆ ಈಕಡೆ ಸರಿಯುತ್ತಿತ್ತು. ಗಂಡನ ಫೋನಿನಲ್ಲಿ ಕದ್ದು ಒಂದೆರಡು ಆಟ ಆಡಿ ನೋಡಿದಳು, ರುಚಿ ಹತ್ತಲಿಲ್ಲ. ಗಾಜಿನ ಮೇಲೆ ಬೆರಳು ಉಜ್ಜುವುದು ಒಂದು ಆಟವೇ? ಗುಂಡಿ ಒತ್ತಬೇಕು, ಅದು ಟಕ್ ಎನ್ನಬೇಕು.

ಸೀರೆ ಉಟ್ಟು, ಪರ್ಸು ಹಿಡಿದು ಗೇಟು ತೆಗೆದರೆ ಎದುರಿಗೆ ಕೌಸಲ್ಯಾಬಾಯಿ, ಕೈಯಲ್ಲಿ ದೊಡ್ಡ ಥೈಲಿ ಹಿಡಿದು ನಿಂತಿದ್ದರು.

"ಔರಾದಕ್ಕ ಹೊಂಟೀದಿಯಂತಲ್ಲ? ಮಗಳು ಪ್ರಣಿತಾನ ಮನಿ ಅಲ್ಲೇ ಅದ. ನಾನೂ ಬರ್ತೇನಿ. ನಿನ್ನ ಭಾಷಣನೂ ಕೇಳಿದಂಗ ಆತು, ಮೊಮ್ಮಗನ್ನೂ ನೋಡಿದಂಗ ಆತು."

"ಮಾವಶಿ, ನಾ ಭಾಲ್ಕಿ ಮ್ಯಾಲಿಂದ ಹೊಂಟೀನಿ ರಿ. ನಿಮಗ ಸುತ್ತಾಗ್ತದ, ಮೊಣಕಾಲು ಬ್ಯಾರೆ..."

"ಸುತ್ತಾದ್ರೇನು? ಬಸ್ ಚಾರ್ಜ್ ಹೆಂಗಸರಿಗಿ ಇಲ್ಲೇ ಇಲ್ಲ. ಸುತ್ತಿದಷ್ಟೂ ಲಾಭ."

ಕೌಸಲ್ಯಾಬಾಯಿಗೆ ಗೊತ್ತಾಯಿತೆಂದರೆ ಮೈಲೂರಿಗೆಲ್ಲ ಡಂಗುರ ಹೊಡೆದಂತೆ. ಸರಿತಾ ಆಟೋದಲ್ಲಿ ಬಸ್‌ಸ್ಟ್ಯಾಂಡ್ ತಲುಪುವವರೆಗೂ, ಅಲ್ಲಿಂದ ಭಾಲ್ಕಿಯವರೆಗೂ ಈ ಒಂದು ಮಾತನ್ನೇ ಜಪಿಸಿದಳು: ಮಾವಶಿಗೆ ತಿಳಿಯಬಾರದು. ಬಸ್ಸೋ, ಬಸುರಿ ಎಮ್ಮೆಯ ಹಾಗೆ ಹೆಜ್ಜೆ ಹಾಕುತ್ತಿತ್ತು. ಸರಿತಾ ಸೀಟಿನ ತುದಿಯಲ್ಲಿ ಕುಳಿತು ಮುಂದಿನ ಸೀಟಿನ ಕಂಬಿಯನ್ನು ತಾನೇ ಗೇರು ಎಂಬಂತೆ ಹಿಡಿದು ತಳ್ಳುತ್ತಿದ್ದಳು.

ಭಾಲ್ಕಿಯಲ್ಲಿ ಇಳಿದವಳೇ ಓಡಿದಳು. ಮೊಣಕಾಲು ನೋವಿನ ಕೌಸಲ್ಯಾಬಾಯಿ ಹಿಂದೆ ಉಳಿದರು. ಓಣಿಯ ತಿರುವಿನಲ್ಲಿ ಭಂಗಾರದವನ ತಳ್ಳುಗಾಡಿ ನಿಂತಿದ್ದನ್ನು ಕಂಡು ಸರಿತಾಳಿಗೆ ಜೀವ ಬಾಯಿಗೆ ಬಂತು. ಅದರ ಪಕ್ಕದಿಂದಲೇ, ಅದರ ಕಡೆ ನೋಡಲೂ ಹೊತ್ತಿಲ್ಲದಂತೆ, ಮನೆಗೆ ನುಗ್ಗಿದಳು.

"ಡಬ್ಬಿ ಎಲ್ಲಿ ಅವ್ವಾ?"

"ಅಲ್ಲೇ ಬಾಗಲದಾಗ ಕಟ್ಟಿ ಇಟ್ಟೀನಿ. ಕೂಡು, ಚಹಾ ಕುಡಿ..."

ಹೌದು, ಅದೇ ಡಬ್ಬಿ. ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಸುತಳಿಯಿಂದ ಬಿಗಿದು, ಗಂಟಿನ ಮೇಲೆ ಗಂಟು ಹಾಕಿತ್ತು. ಬಟ್ಟೆಯ ಹರಕಿನಿಂದ ಡಬ್ಬಿಯ ಮೇಲಿನ ಕೆಂಪು ಬಾತುಕೋಳಿಯ ಚಿತ್ರ ಅರ್ಧ ಕಾಣುತ್ತಿತ್ತು. ಸರಿತಾ ಗಂಟಿಗೆ ಕೈ ಹಾಕಬೇಕು, ಅಷ್ಟರಲ್ಲಿ ಹೊಸಿಲಲ್ಲಿ ಕೌಸಲ್ಯಾಬಾಯಿ ಪ್ರತ್ಯಕ್ಷ.

"ಏನದು ಗಂಟು?"

"ಏನಿಲ್ಲ ರಿ ಮಾವಶಿ! ನಡೀರಿ, ಔರಾದ ಬಸ್ ಹೋಗ್ತದ!"

ಸರಿತಾ ಗಂಟನ್ನು ಕೂಸಿನಂತೆ ಎದೆಗವಚಿ ಹೊರಬಿದ್ದಳು. ಅವ್ವ ಹಿಂದಿನಿಂದ, "ಏ ಸರು, ಕೇಳಿಲ್ಲಿ, ಅದರಾಗ..." ಎಂದು ಏನೋ ಕೂಗಿದಳು. ಕೇಳಲು ಯಾರಿದ್ದರು?

ಔರಾದದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಗಂಟು ಸರಿತಾಳ ತೊಡೆಯ ಮೇಲೆ, ಥೈಲಿ ಕೌಸಲ್ಯಾಬಾಯಿಯ ತೊಡೆಯ ಮೇಲೆ. ಸರಿತಾ ಕಿಟಕಿಯ ಕಡೆ ಮುಖ ಮಾಡಿ ಬಟ್ಟೆಯ ಮೇಲಿಂದಲೇ ಬೆರಳಾಡಿಸಿದಳು. ಡಬ್ಬಿಯ ರಟ್ಟು ಮೆತ್ತಗಾಗಿತ್ತು. ಒಂದು ಕಡೆ ಮೂಲೆ ಒತ್ತಿತು. ಇದು ರಿಮೋಟೇ! ಇನ್ನೊಂದು ಕಡೆ ಉಬ್ಬು. ಪಿಸ್ತೂಲಿನ ಹಿಡಿಕೆ, ಸಂಶಯವೇ ಇಲ್ಲ. ಹೆಬ್ಬೆರಳು ಸುಳ್ಳು ಹೇಳುತ್ತದೆಯೇ? ಬಿಚ್ಚಿ ನೋಡುವ ಆಸೆಗೆ ಅವಳ ಕಾಲು ಹೊಲಿಗೆ ಮಷಿನ್ ತುಳಿದಂತೆ ಕುಣಿಯತೊಡಗಿತು. ಬಿಚ್ಚುವ ಹಾಗಿಲ್ಲ, ಪಕ್ಕದಲ್ಲಿ ಪೊಲೀಸ್ ಠಾಣೆ ಕುಳಿತಿದೆ.

ಅಷ್ಟರಲ್ಲಿ ಆ ಠಾಣೆ ಬಾಗಿತು. ಗಂಟಿನ ಕೆಳಗಿನಿಂದ ಕರಿ ಬಣ್ಣದ್ದೊಂದು ಗೇಣುದ್ದ ಜೋತು ಬಿದ್ದಿತ್ತು.

"ಇದೇನ ವಾಯರ್? ಏ, ಇದು ಬಿಪಿ ಮಷಿನ್ ಅಲ್ಲೇನ? ನಮ್ಮ ಅಳಿಯನ ಮನ್ಯಾಗ ಇಂಥದೇ ಅದ!"

ರಿಮೋಟಿನ ವಾಯರು ಹೊರಗೆ ಬಂದದ್ದಕ್ಕೆ ಸರಿತಾಳಿಗೆ ಬೆವರೊಡೆಯಿತು. ಆದರೆ ದೇವರೇ ಕೈಯಾರೆ ಕೊಟ್ಟ ಸುಳ್ಳನ್ನು ಯಾರಾದರೂ ಬಿಡುತ್ತಾರೆಯೇ?

"ಹೌದ ರಿ ಮಾವಶಿ! ಬಿಪಿ ಮಷಿನ್ನೇ. ಅವ್ವಂದು," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಅದೇ ಅವಳು ಮಾಡಿದ ತಪ್ಪು. ಕೌಸಲ್ಯಾಬಾಯಿ ಹಿಂದಿನ ಸೀಟಿಗೆ ತಿರುಗಿದರು. "ನೋಡ್ರಿ, ಟೀಚರ್ರ ಹತ್ರ ಬಿಪಿ ಮಷಿನ್ ಅದ." ಹಿಂದಿನ ಸೀಟಿನಲ್ಲಿ ಮೆಹಕರದ ಧೊಂಡಿಬಾ ಎಂಬ ಮುದುಕ, ತಲೆಗೆ ಕೆಂಪು ಪಟಗಾ ಸುತ್ತಿದವನು, ಕೂತಿದ್ದ. ಅವನಿಗೆ ಏಕಾಏಕಿ ತಲೆ ತಿರುಗತೊಡಗಿತು.

"ಬಾಯಿ, ನಂದೊಂದು ನೋಡ್ರಿ. ಬೆಳಿಗ್ಗಿಂದ ಕಣ್ಣಿಗಿ ಕತ್ತಲಿ ಬರ್ಲತ್ತದ."

"ಬಸ್ಸಿನಾಗ ಅಲುಗಾಡ್ತದ ಕಾಕಾ, ಬರಾಬರ್ ತೋರ್ಸಲ್ಲ."

"ಕಮಲನಗರದಾಗ ಚಹಾಕ್ಕ ನಿಲ್ಲಸ್ತೀವಲ್ಲ ಟೀಚರಮ್ಮ," ಎಂದ ಕಂಡಕ್ಟರ್ ಕಲೀಮ, ಟಿಕೆಟ್ ಹರಿಯುವುದನ್ನೂ ಬಿಟ್ಟು. "ಅಲ್ಲಿ ಆರಾಮ ನೋಡ್ರಿ. ನಂದೂ ಒಂದು. ಡ್ಯೂಟಿ ಟೆನ್ಶನ್ ಭಾಳ ಅದ."

"ಅದಕ್ಕ ಕರೆಂಟ್ ಬೇಕು!"

"ಹೋಟೆಲದಾಗ ಅದ!" ಎಂದು ಮೂರು ಕಡೆಯಿಂದ ದನಿ ಬಂತು. ಬಸ್ಸು ಪೂರ್ತಿ ರೋಗಿಗಳಿಂದ ತುಂಬಿಹೋಗಿತ್ತು. ಹತ್ತುವಾಗ ಇವರೆಲ್ಲ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರೇ.

ಕಮಲನಗರದಲ್ಲಿ ಬಸ್ಸು ನಿಂತಿತು. ಸರಿತಾ ಗಂಟು ಅವಚಿಕೊಂಡು, "ನನಗ ಬಾತ್‌ರೂಮ್..." ಎಂದು ಸರಿದಳು. ಅವಳ ಹಿಂದೆ ಧೊಂಡಿಬಾ, ಅವನ ಹಿಂದೆ ಕಲೀಮ, ಅವನ ಹಿಂದೆ ಡ್ರೈವರ್ ನಜಮೋದ್ದೀನ, ಆಮೇಲೆ ಉಳಿದವರು, ಹೀಗೆ ಭಜನೆಯ ದಿಂಡಿಯಂತೆ ಸಾಲು ಹೊರಟಿತು. ತಿರುಗಿ ನೋಡಿದವಳನ್ನು ಹಿಡಿದು ಹೋಟೆಲಿನ ಬೆಂಚಿನ ಮೇಲೆ ಕೂರಿಸಿಯೇ ಬಿಟ್ಟರು. ಕೌಸಲ್ಯಾಬಾಯಿ ಗಂಟಿಗೆ ಕೈ ಹಾಕಿದರು, ಸಡಿಲಾಗದ್ದಕ್ಕೆ ಹಲ್ಲು ಹಾಕಿದರು.

ಸರಿತಾ ಕಣ್ಣು ಮುಚ್ಚಿದಳು. ‘ಇದು ಸಾಲಿ ಹುಡುಗೂರ ಕಡಿಂದ ಕಸ್ಕೊಂಡಿದ್ದು’ ಎನ್ನಲೇ? ‘ಭಾಷಣದಾಗ ತೋರ್ಸಲಿಕ್ಕ ತಂದೀನಿ’ ಎನ್ನಲೇ? ಪಿಸ್ತೂಲು ನೋಡಿ ಯಾರಾದರೂ ಚೀರಿದರೆ? ನಾಳೆ ಪೇಪರಿನಲ್ಲಿ ಬಂದರೆ?

"ಹಾಂ, ಬಂತು ನೋಡು! ಎಷ್ಟು ಛಂದ ಅದ!" ಎಂದರು ಕೌಸಲ್ಯಾಬಾಯಿ.

ಸರಿತಾ ಒಂದು ಕಣ್ಣು ತೆರೆದಳು. ಬಾತುಕೋಳಿ ಚಿತ್ರದ ಡಬ್ಬಿಯೊಳಗಿನಿಂದ ಕೌಸಲ್ಯಾಬಾಯಿ ಬಿಳಿ ಬಣ್ಣದ, ಸೆಲ್ಲಿನ ಮೇಲೆ ನಡೆಯುವ ಒಂದು ಮಷಿನ್ ಎತ್ತಿ ಹಿಡಿದಿದ್ದರು. ಅದಕ್ಕೊಂದು ಕರಿ ರಬ್ಬರು ನಳಿಗೆ. ನಳಿಗೆಯ ತುದಿಗೆ ತೋಳಿಗೆ ಸುತ್ತುವ ಪಟ್ಟಿ.

ಬಿಪಿ ಮಷಿನ್.

ಮಾನ ಉಳಿಯಿತೆಂಬ ಸಂತೋಷ ಮೊದಲು ಬಂತು. ಅದರ ಹಿಂದೆಯೇ ಆಟದ ಸಾಮಾನು ನೆನಪಾಯಿತು. ಡಬ್ಬಿಯನ್ನು ತಲೆಕೆಳಗು ಮಾಡಿ ಕುಟ್ಟಿದಳು. ಒಂದು ಜಿರಳೆ ಬಿದ್ದು ಓಡಿಹೋಯಿತು.

ಮೂಲೆಗೆ ಹೋಗಿ ಭಾಲ್ಕಿಗೆ ಫೋನು ಹಚ್ಚಿದಳು. "ಅವ್ವಾ, ಆಟದ ಸಾಮಾನು ಎಲ್ಲಿ?"

"ಅದಾ? ಭಂಗಾರದವಗ ಕೊಟ್ಟೆನಲ್ಲ. ನೀ ಡಬ್ಬಿ ಕೊಡಬ್ಯಾಡಂದಿ, ಡಬ್ಬಿ ಇಟ್ಕೊಂಡೆ. ಅದರಾಗ ನನ್ನ ಹಳೀ ಬಿಪಿ ಮಷಿನ್ ಹಾಕೀನಿ. ಬಿಗಡೇದ ಅದು, ಬೀದರದಾಗ ರಿಪೇರಿ ಮಾಡ್ಸು ಅಂತ ಹೇಳ್ಲಾಕ ಬಂದ್ರ ನೀ ಓಡೇ ಬಿಟ್ಟಿ."

ಬಿಗಡೇದ ಅದು ಎಂಬ ಮಾತು ಕಿವಿಯಿಂದ ತಲೆಗೆ ಇಳಿಯುವಷ್ಟರಲ್ಲಿ ಬೆಂಚಿನ ಕಡೆ ಗದ್ದಲವೆದ್ದಿತು. ಕೌಸಲ್ಯಾಬಾಯಿ ಯಾರನ್ನೂ ಕೇಳದೆ ಧೊಂಡಿಬಾನ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿಬಿಟ್ಟಿದ್ದರು. ನೂರಾ ಎಂಬತ್ತೆಂಟು. ಕಲೀಮನದು ನೋಡಿದರು. ನೂರಾ ಎಂಬತ್ತೆಂಟು. ಹಿಂದಿನ ಸೀಟಿನ ಬಸುರಿ ಹೆಣ್ಣುಮಗಳದು ನೂರಾ ಎಂಬತ್ತೆಂಟು, ಅವಳ ಅತ್ತೆಯದೂ ನೂರಾ ಎಂಬತ್ತೆಂಟು. ಚಹಾ ಮಾಡುವವನು ತನ್ನದನ್ನು ನೋಡಿ ಸ್ಟೋವ್ ಆರಿಸಿ ಕೆಳಗೆ ಕುಳಿತ.

"ಯಾ ಅಲ್ಲಾ," ಎಂದು ಡ್ರೈವರ್ ನಜಮೋದ್ದೀನ ಬಸ್ಸಿನ ಕೀಲಿಯನ್ನು ಜೇಬಿಗೆ ಹಾಕಿದ. "ಇಷ್ಟು ಬಿಪಿ ಇಟ್ಕೊಂಡು ನಾ ಗಾಡಿ ಹೊಡ್ಯಲ್ಲ. ನಡಹಾದ್ಯಾಗ ಏನರ ಆದ್ರ ಯಾರು ಜವಾಬ್ದಾರಿ?"

ಅರ್ಧ ಮಂದಿ ನೆರಳಿನಲ್ಲಿ ಮಲಗಿದರು. ಉಳಿದರ್ಧ ಮಂದಿ ಮಲಗಿದವರಿಗೆ ಗಾಳಿ ಹಾಕತೊಡಗಿದರು. ಔರಾದದಿಂದ ಕಾರ್ಯಕ್ರಮದ ಹೆಡ್‌ಮಾಸ್ತರ ನರಸಿಂಗ ಸರ್ ಅವರ ಫೋನು ಮೇಲಿಂದ ಮೇಲೆ: "ಮೇಡಂ, ಮಂದಿ ಬಂದು ಕುಂತಾರ, ಎಲ್ಲಿದ್ದೀರಿ?"

"ಮಷಿನ್ ಖರಾಬ್ ಅದ ರಿ!" ಎಂದು ಸರಿತಾ ಕೂಗಿದಳು. ಯಾರೂ ನಂಬಲಿಲ್ಲ. "ನಮಗ ಅಂಜಿಕಿ ಆಗಬಾರ್ದಂತ ಹಂಗ ಹೇಳ್ಲತ್ತಾರ, ಟೀಚರ್ರ ಮನಸು ದೊಡ್ಡದು," ಎಂದು ಬಸುರಿಯ ಅತ್ತೆ ಕಣ್ಣೊರೆಸಿಕೊಂಡಳು.

ಕಡೆಗೆ ಸರಿತಾ ಮಷಿನ್ ಕಿತ್ತುಕೊಂಡು ಹೋಟೆಲಿನ ಮುಂದಿನ ಎಳೆಯ ಬೇವಿನ ಗಿಡದ ಕಾಂಡಕ್ಕೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ಗಾಳಿ ತುಂಬಿತು, ಗಾಳಿ ಇಳಿಯಿತು. ನೂರಾ ಎಂಬತ್ತೆಂಟು.

ಎಲ್ಲರೂ ಬಾಗಿ ನೋಡಿದರು.

"ಕಾಲ ಕೆಟ್ಟದ," ಎಂದ ಧೊಂಡಿಬಾ. "ಗಿಡಕ್ಕೂ ಬಿಪಿ ಬಂತು."

ಕಲೀಮನೇ ಮೊದಲು ನಕ್ಕ. ಆಮೇಲೆ ನಜಮೋದ್ದೀನ ನಗುತ್ತ ಕೀಲಿ ತೆಗೆದ. ಮಲಗಿದವರು ಎದ್ದು ಬಸ್ಸಿಗೆ ನುಗ್ಗಿ ಮತ್ತೆ ಸೀಟಿಗಾಗಿ ಗುದ್ದಾಡಿದರು. ನಗದೆ ಇದ್ದವಳು ಸರಿತಾ ಒಬ್ಬಳೇ. ಔರಾದದವರೆಗೂ ಅವಳು ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅವಳಿಗೆ ಕಾಣುತ್ತಿದ್ದದ್ದು ಆ ತಳ್ಳುಗಾಡಿ. ಅದರಲ್ಲಿ ತುಕ್ಕು ಹಿಡಿದ ಬಕೀಟಿನ ಕೆಳಗೆ ತನ್ನ ಹಳದಿ ಕ್ಯಾಸೆಟ್ ಇತ್ತು, ಗೇಣು ದೂರದಲ್ಲಿತ್ತು, ತಾನು ತಿರುಗಿಯೂ ನೋಡದೆ ಓಡಿದ್ದಳು! ಈಗ ಅದು ಯಾವ ಊರಿನ ಗುಜರಿಯಲ್ಲೋ. ತನಗಿಲ್ಲದ್ದು ಇನ್ಯಾರಿಗೋ ಸಿಕ್ಕಿರುತ್ತದೆ. ಯಾವುದೋ ಕೈ ಆ ಗುಂಡಿ ಒತ್ತುತ್ತದೆ, ಯಾರೋ ಆ ಕೋಟೆ ಗೆಲ್ಲುತ್ತಾರೆ. ಯೋಚಿಸಿದಷ್ಟೂ, ತನಗಿಲ್ಲದ್ದು ಯಾರಿಗೂ ಇರಬಾರದು ಎನ್ನಿಸತೊಡಗಿತು.

ಔರಾದದ ಸಭಾಗೃಹದಲ್ಲಿ ಮಂದಿ ಕಾದು ಕಾದು ಸುಸ್ತಾಗಿದ್ದರು. ನರಸಿಂಗ ಸರ್ ಹಾರ ಹಾಕಿ ಮೈಕಿನ ಮುಂದೆ ನಿಲ್ಲಿಸಿದರು. ಸರಿತಾ ಮನೆಯಲ್ಲಿ ಸಿದ್ಧ ಮಾಡಿದ್ದದ್ದು ಸೌಮ್ಯವಾದ ಭಾಷಣ. ಆಟ ಮಿತಿಯಲ್ಲಿರಲಿ, ಮಕ್ಕಳ ಜೊತೆ ಮಾತಾಡಿ, ಹೀಗೇನೋ ಇತ್ತು. ಈಗ ಬಾಯಿ ತೆರೆದರೆ ಬಂದದ್ದೇ ಬೇರೆ.

"ಮಿತಿ ಗಿತಿ ಸುಳ್ಳು ರಿ! ಈ ಆಟದ ಸಾಮಾನು ಅನ್ನೋದು ಮನಿಷ್ಯಾನ ಬಿಡಂಗಿಲ್ಲ. ಸಣ್ಣವರಿದ್ದಾಗ ಹಿಡದದ್ದು ತಲಿ ಹಣ್ಣಾದ್ರೂ ಬಿಡಂಗಿಲ್ಲ! ನಿದ್ದಿ ಇಲ್ಲ, ನೆಮ್ಮದಿ ಇಲ್ಲ, ಕೈ ಸುಮ್ನಿರಂಗಿಲ್ಲ! ಊರೂರು ಅಲಸ್ತದ, ಸುಳ್ಳು ಹೇಳಸ್ತದ!" ಅವಳ ದನಿ ನಡುಗಿತು, ಕಣ್ಣಲ್ಲಿ ನೀರು ನಿಂತಿತು. "ನಿಮ್ಮ ಮನ್ಯಾಗ ಇಂಥದೇನರ ಇತ್ತು ಅಂದ್ರ ನಾಳಿ ಅನಬ್ಯಾಡ್ರಿ. ಇವತ್ತೇ ಒಡದ ಹಾಕ್ರಿ! ಕಲ್ಲಿಲೇ ಜಜ್ಜಿ ಪುಡಿ ಪುಡಿ ಮಾಡ್ರಿ!"

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಇಷ್ಟು ಹೃದಯದಿಂದ ಬಂದ ಭಾಷಣವನ್ನು ಔರಾದದಲ್ಲಿ ಯಾರೂ ಕೇಳಿರಲಿಲ್ಲ. ನರಸಿಂಗ ಸರ್ ಶಾಲು ಹೊದಿಸುವಾಗ ಅವರ ಕಣ್ಣೂ ಒದ್ದೆಯಾಗಿತ್ತು.

ಹೊರಗೆ ಬಂದರೆ ಕೌಸಲ್ಯಾಬಾಯಿ ಇಲ್ಲ. ಸರಿತಾ ಸುತ್ತಮುತ್ತ ಹುಡುಕಿದಳು. ಅವರು ಸಭಾಗೃಹದ ಹಿಂದಿನಿಂದ ಸೆರಗಿಗೆ ಕೈ ಒರೆಸುತ್ತ ಬಂದರು. ಮುಖದಲ್ಲಿ ತೀರ್ಥಯಾತ್ರೆ ಮುಗಿಸಿದ ಕಳೆ.

"ಸರಿತಾ, ನೀ ನನ್ನ ಕಣ್ಣು ತೆರಸಿದಿ. ಹಬ್ಬದ ದಿನ ನೀ ಬೈದಾಗ ನನಗ ಸಿಟ್ಟು ಬಂದಿತ್ತು, ಖರೇ ಹೇಳ್ತೀನಿ. ಇವತ್ತು ತಿಳೀತು."

"ಹೋಗ್ಲಿ ಬಿಡ್ರಿ ಮಾವಶಿ."

"ಇಲ್ಲ, ಕೇಳು. ನಾ ಒಂದು ಪಾಪ ಮಾಡ್ಲಾಕ ಹೊಂಟಿದ್ದೆ. ಬೆಳಿಗ್ಗಿ ಭಾಲ್ಕಿದಾಗ ನೀ ಮುಂದ ಓಡಿದ್ಯಲ್ಲ? ನಿಮ್ಮ ಓಣ್ಯಾಗ ಒಬ್ಬ ಭಂಗಾರದವ ನಿಂತಿದ್ದ. ಅವನ ಗಾಡ್ಯಾಗ ಟಿವಿಗಿ ಹಚ್ಚೋ ಆಟದ ಸಾಮಾನು ಇತ್ತು. ಹಳದಿ ಕ್ಯಾಸೆಟ್ಟು, ಎರಡು ರಿಮೋಟು, ಪಿಸ್ತೂಲು. ಹೊಸಾದು ಇದ್ದಂಗ ಇತ್ತು. ನಮ್ಮ ಸ್ವಪ್ನಿಲಗ ಆಗ್ತದ ಅಂತ ತಗೊಂಡೆ. ನಿನಗ ಕಂಡ್ರ ಮತ್ತ ಬೈತಿ ಅಂತ ಅಂಜಿ ದಿನಾ ಪೂರಾ ಥೈಲ್ಯಾಗ ಮುಚ್ಚಿಟ್ಕೊಂಡೇ ಬಂದೀನಿ."

ಸರಿತಾ ಕೌಸಲ್ಯಾಬಾಯಿಯ ಎರಡೂ ಕೈ ಹಿಡಿದಳು. "ಮಾವಶಿ... ಅದು ಎಲ್ಲಿ ಅದ ರಿ ಈಗ?"

"ಇನ್ನೆಲ್ಲಿ? ನೀ ಒಡೀರಿ ಅಂದಿ, ನಾ ಕುಂತಲ್ಲಿಂದ ಎದ್ದೆ. ಹಿಂದ ಒಂದು ಛಲೋ ಕಲ್ಲು ಸಿಕ್ತು. ಕ್ಯಾಸೆಟ್ ಒಡೀಲಿಕ್ಕ ಭಾಳ ಗಟ್ಟಿ ಇತ್ತು ನೋಡು, ಆದ್ರ ಬಿಡ್ಲಿಲ್ಲ ನಾ. ಪುಡಿ ಪುಡಿ ಮಾಡಿ ಗಟಾರದಾಗ ಸುರದು ಬಂದೆ."

ಔರಾದದ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಇಳಿದ ಮೇಲೂ ಸರಿತಾ ನಿಂತಲ್ಲೇ ನಿಂತಿದ್ದಳು.

"ಯಾಕ? ಯಾಕ ಅಳ್ಲತ್ತಿ?" ಎಂದು ಕೌಸಲ್ಯಾಬಾಯಿ ಗಾಬರಿಯಾದರು.

"ಖುಷಿಗಿ ರಿ, ಮಾವಶಿ," ಎಂದಳು ಸರಿತಾ ಟೀಚರ್. "ಖುಷಿಗಿ."